ಪುಕ್ಕಟೆ ಪಾಠ ನಂಬಿ ಕೂರಬಹುದಾ? ಓದುಗರ ಸ್ಪಂದನ

ಸಮಸ್ಯೆ: ನಾನು ಹಾನಗಲ್ ತಾಲೂಕಿನ ಹಳ್ಳಿಯವಳು. ಪಿಯುಸಿ ಸೈನ್ಸ್ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದೇನೆ. ಅಪ್ಪನಿಗೆ ಲಕ್ವ ಹೊಡೆದ ಮೇಲೆ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡೆ. ಕಾಲೇಜಿಗೆ ಹೋಗುವ ಸ್ಥಿತಿ ಇಲ್ಲ. ಐಐಟಿಯವರ ಪಾಠ ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತದೆ, ಕಂಪ್ಯೂಟರ್ ಕಲಿ ಎನ್ನುತ್ತಾಳೆ ಗೆಳತಿ. 'ಪುಕ್ಕಟೆ ಸರ್ಟಿಫಿಕೇಟ್ ನೋಡಿ ಯಾರು ಕೆಲಸ ಕೊಡ್ತಾರೆ?' ಎನ್ನುತ್ತಾರೆ ಸೋದರಮಾವ. ನನ್ನ ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೆ. ಏನು ಮಾಡಲಿ?

*

ತಂಗಿ, ಗೆಳತಿ ಹೇಳಿದ್ದು ನಿಜ. ಮಾವನ ಮಾತಿನಲ್ಲೂ ಹುರುಳಿದೆ. ಪಾಠ ಬೇರೆ, ಪದವಿ ಬೇರೆ. ಎರಡನ್ನೂ ಒಂದೇ ಕಡೆ ಹುಡುಕಬೇಡಿ.

ಗೆಳತಿ ಹೇಳುತ್ತಿರುವುದು ಎನ್‌ಪಿಟಿಇಎಲ್ ಪಾಠಗಳ ಬಗ್ಗೆ ಇರಬೇಕು. ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ 2003ರಲ್ಲಿ ಶುರು ಮಾಡಿದ ಯೋಜನೆ ಅದು. ಈಗ ಕೇಂದ್ರ ಸರ್ಕಾರದ 'ಸ್ವಯಂ' ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ದುಡ್ಡಿಲ್ಲ. ಕೋರ್ಸುಗಳು ಜನವರಿ ಮತ್ತು ಜುಲೈ ಹೊತ್ತಿಗೆ, ವರ್ಷಕ್ಕೆ ಎರಡು ಸಲ ಶುರುವಾಗುತ್ತವೆ. 4 ವಾರದ್ದಿವೆ, 8, 12 ವಾರದ್ದೂ ಇವೆ. ಪ್ರತಿ ವಾರ ವಿಡಿಯೊ, ಜೊತೆಗೆ ಅಸೈನ್‌ಮೆಂಟ್, ಅದನ್ನು ಕಳಿಸಲು ಕೊನೆಯ ದಿನ. ಸರ್ಟಿಫಿಕೇಟ್ ಬೇಕಾದವರು ಮಾತ್ರ ಪರೀಕ್ಷೆ ಶುಲ್ಕ ಕಟ್ಟುತ್ತಾರೆ. ಕೆಲವು ವರ್ಷಗಳಿಂದ ಅದು 1000 ರೂಪಾಯಿ ಇದೆ. ಪರೀಕ್ಷೆಯನ್ನು ಗುರುತಿನ ಚೀಟಿ ಹಿಡಿದು ಕೇಂದ್ರಕ್ಕೇ ಹೋಗಿ ಬರೆಯಬೇಕು. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ಸುಮ್ನೆ ಹಂಚುವ ಕಾಗದ ಅಲ್ಲ ಅದು. ಇದನ್ನು ಮಾವನಿಗೆ ಹೇಳಿ.

ಆದರೆ ಇಲ್ಲೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನು ಸ್ವಯಂನಿಂದ ಪಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲಿ ಅವಕಾಶ ಕೊಟ್ಟಿದೆ. ಅದು ಯಾವುದಾದರೂ ಕಾಲೇಜಿಗೆ ಸೇರಿದವರಿಗೆ, ಅವರ ವಿಶ್ವವಿದ್ಯಾಲಯ ಒಪ್ಪಿದರೆ ಮಾತ್ರ. ಎಲ್ಲೂ ಸೇರದವರು ಎಷ್ಟು ಸರ್ಟಿಫಿಕೇಟ್ ಕೂಡಿಸಿದರೂ ಅವು ತಾವಾಗಿ ಡಿಗ್ರಿ ಆಗುವುದಿಲ್ಲ.

ಅದಕ್ಕೇ ಡಿಗ್ರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವನ್ನೋ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವನ್ನೋ (ಇಗ್ನೊ) ನೋಡಿ. ಇಗ್ನೊದಲ್ಲಿ ಕಂಪ್ಯೂಟರ್ ಪದವಿ ಬಿಸಿಎ ಇದೆ. ಕೆಲಸ ಬಿಡಬೇಕಿಲ್ಲ. ಫೀ ಕಟ್ಟುವ ಮುಂಚೆ, ನೀವು ಸೇರುವ ಕೋರ್ಸಿಗೆ ಆ ವರ್ಷ ಯುಜಿಸಿ ಮಾನ್ಯತೆ ಇದೆಯಾ ಎಂದು ಯುಜಿಸಿ ಪಟ್ಟಿಯಲ್ಲೇ ನೋಡಿಕೊಳ್ಳಿ. ಏಜೆಂಟರ ಬಾಯಿಮಾತು ಬೇಡ.

– ಉಪನ್ಯಾಸಕ, ಹಾವೇರಿ

*

ಮಗಳೇ, ಇಂಗ್ಲಿಷಿಗೆ ಹೆದರಬೇಡ. ಎನ್‌ಪಿಟಿಇಎಲ್‌ನ ಎಷ್ಟೋ ಪಾಠಗಳ ಬರಹರೂಪ ಕನ್ನಡದಲ್ಲೂ ಇದೆ. ಮೊದಲು ಅದನ್ನು ಓದಿಕೋ, ಆಮೇಲೆ ವಿಡಿಯೊ ಹಾಕು. ವಿಡಿಯೊದ ವೇಗ 0.75ಕ್ಕೆ ಇಳಿಸು, ಕೆಳಗೆ ಅಕ್ಷರ ಬರುವ ಹಾಗೆ ಮಾಡಿಕೋ. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದ ಕೂಡಲೇ ನಿಲ್ಲಿಸು. ಅವರು ಬಿಡಿಸುವ ಮೊದಲು ನೀನೇ ನೋಟ್‌ಬುಕ್ಕಿನಲ್ಲಿ ಬಿಡಿಸು. ತಪ್ಪಾದರೂ ಪರವಾಗಿಲ್ಲ, ಎಲ್ಲಿ ಸಿಕ್ಕಿಬಿದ್ದೆ ಅಂತ ಗೊತ್ತಾಗುತ್ತದೆ. ನನ್ನ ತಮ್ಮನ ಮಗಳು ಗಣಿತ ಕಲಿತಿದ್ದು ಹೀಗೇ. ಸುಮ್ಮನೆ ನೋಡುತ್ತಾ ಕೂತರೆ ಎಲ್ಲ ಅರ್ಥವಾದಂತೆ ಅನಿಸುತ್ತದೆ, ಮರುದಿನ ಕೈಗೆ ಏನೂ ಬರುವುದಿಲ್ಲ.

ಡೇಟಾ ಉಳಿಸಬೇಕಾ? ನಿಮ್ಮ ಪಂಚಾಯಿತಿಯ ಗ್ರಂಥಾಲಯ, ಅದೇ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆಯಾ ವಿಚಾರಿಸು. ಮನೆಯಲ್ಲಿ ಡಿಡಿ ಫ್ರೀ ಡಿಶ್ ಇದ್ದರೆ 'ಸ್ವಯಂಪ್ರಭಾ' ಚಾನೆಲ್‌ಗಳಲ್ಲಿ ಪಾಠ ಬರುತ್ತದೆ. ಅದಕ್ಕೆ ಇಂಟರ್ನೆಟ್ಟೇ ಬೇಡ.

– ನಿವೃತ್ತ ಶಿಕ್ಷಕಿ, ಧಾರವಾಡ

*

ನಾನು ಸಾಫ್ಟ್‌ವೇರ್ ಕಂಪನಿಯಲ್ಲಿ ಹೊಸಬರ ಸಂದರ್ಶನ ಮಾಡುತ್ತೇನೆ. ಸರ್ಟಿಫಿಕೇಟ್ ಎಷ್ಟಿವೆ ಎಂದು ಎಣಿಸುವುದಿಲ್ಲ. 'ನೀವಾಗಿ ಏನು ಮಾಡಿದ್ದೀರಿ, ತೋರಿಸಿ' ಎನ್ನುತ್ತೇನೆ. ಹೆಚ್ಚಿನವರು ಅಲ್ಲೇ ತಡವರಿಸುತ್ತಾರೆ.

ಐಐಟಿ ರೋಪಡ್‌ನವರ 'ಜಾಯ್ ಆಫ್ ಕಂಪ್ಯೂಟಿಂಗ್ ಯೂಸಿಂಗ್ ಪೈಥಾನ್' ಕೋರ್ಸಿನಿಂದ ಶುರು ಮಾಡಿ. ಪೈಥಾನ್ ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಒಂದು ಭಾಷೆ. ಏನೂ ಗೊತ್ತಿಲ್ಲದವರಿಗೂ ಹಿಡಿಸುತ್ತದೆ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಪ್ರೋಗ್ರಾಂ ಬರೆದು ನಡೆಸಿ ನೋಡುವ ಜಾಲತಾಣ ಗೂಗಲ್ ಕೋಲ್ಯಾಬನ್ನು ಮೊಬೈಲಿನಲ್ಲೇ ತೆರೆಯಬಹುದು. ಟೈಪಿಂಗ್ ಸ್ವಲ್ಪ ಕಷ್ಟ, ಆದರೆ ನಡೆಯುತ್ತದೆ. ಆಮೇಲೆ ನಿಮ್ಮ ಅಂಗಡಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ಥಾನಿನಲ್ಲಿ ಇನ್ನೆಷ್ಟು ಮೀಟರ್ ಬಟ್ಟೆ ಉಳಿದಿದೆ, ಯಾವ ಬಣ್ಣದ ಬ್ಲೌಸ್ ಪೀಸ್ ಖಾಲಿಯಾಗಿದೆ, ಯಾರ ಉದ್ರಿ ಎಷ್ಟು. ಇದನ್ನೆಲ್ಲ ಹೇಳುವ ಸಣ್ಣ ಪ್ರೋಗ್ರಾಂ ಬರೆಯಿರಿ. ದಿನಾ ಅಂಗಡಿಯಲ್ಲಿ ನಿಂತು ಆ ಲೆಕ್ಕ ಮಾಡಿದವರಿಗೆ ಏನು ಬೇಕು, ಎಲ್ಲಿ ತಪ್ಪುತ್ತದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಸಂದರ್ಶನದಲ್ಲಿ ನಿಮ್ಮನ್ನು ಕೈಹಿಡಿಯುವುದು ಅದೇ.

ಹಾಗಂತ ಡಿಗ್ರಿ ಬೇಡ ಅನ್ನುವುದಿಲ್ಲ. ಎಷ್ಟೋ ಸರ್ಕಾರಿ ಹುದ್ದೆಗಳಿಗೆ, ಬ್ಯಾಂಕಿಗೆ ಅದು ಬೇಕೇ ಬೇಕು.

– ಬೆಂಗಳೂರಿನ ಓದುಗ

*

ಒಂದು ಎಚ್ಚರಿಕೆ, ಒಂದು ದಾರಿ.

ಒಮ್ಮೆ ಎಲ್ಲಾದರೂ ನಂಬರ್ ಕೊಟ್ಟರೆ ಸಾಕು, ದುಡ್ಡಿಗೆ ಆನ್‌ಲೈನ್ ಕೋರ್ಸ್ ಮಾರುವವರಿಂದ ಫೋನ್ ಮೇಲೆ ಫೋನ್. 'ಸೀಟು ಇವತ್ತೇ ಮುಗಿಯುತ್ತೆ, ಇಎಂಐ ಮಾಡಿಸಿಕೊಡ್ತೀವಿ' ಅಂತಾರೆ. ನಮ್ಮ ಪಕ್ಕದ ಮನೆಯ ಹುಡುಗ ಹೀಗೆ ಸೇರಿ, ಪಾಠ ಅರ್ಧಕ್ಕೇ ಬಿಟ್ಟ. ಸಾಲದ ಕಂತು ಮಾತ್ರ ನಿಂತಿಲ್ಲ. ಅವನ ಅಮ್ಮ ಹೊಲಿಗೆ ಮಾಡಿ ಕಟ್ಟುತ್ತಿದ್ದಾಳೆ. ಓದಿಗೆಂದು ಇಂಥವರ ಹತ್ತಿರ ಸಾಲ ಮಾಡಲೇಬೇಡಿ.

ದಾರಿ ಇದು. ಐಐಟಿ ಮದ್ರಾಸ್ 2020ರಲ್ಲಿ ಡೇಟಾ ಸೈನ್ಸ್‌ನಲ್ಲಿ ಆನ್‌ಲೈನ್ ಪದವಿ ಶುರು ಮಾಡಿದೆ. ಐಐಟಿ ಸೇರಲು ಬರೆಯುವ ಜೆಇಇ ಪರೀಕ್ಷೆ ಇದಕ್ಕೆ ಬೇಕಿಲ್ಲ. ನಾಲ್ಕು ವಾರ ಅವರ ಪಾಠ ಓದಿ ಅರ್ಹತಾ ಪರೀಕ್ಷೆ ಪಾಸಾದರೆ ಪ್ರವೇಶ. ನಡುವೆ ನಿಲ್ಲಿಸಬೇಕಾಗಿ ಬಂದರೆ, ಮುಗಿಸಿದ ಹಂತಕ್ಕೆ ಡಿಪ್ಲೊಮಾವೋ ಬಿಎಸ್‌ಸಿಯೋ ಸಿಗುತ್ತದೆ. ಇದು ಪುಕ್ಕಟೆ ಅಲ್ಲ. ಆದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದ ಮನೆಯವರಿಗೆ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಇದೆ. ತಹಶೀಲ್ದಾರ್ ಕಚೇರಿಯಿಂದ ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ. ಅರ್ಜಿ ಹಾಕುವ ವಾರದಲ್ಲಿ ಓಡಾಡಿದರೆ ಆಗುವುದಿಲ್ಲ.

ಜುಲೈನ ಪೈಥಾನ್ ಕೋರ್ಸಿಗೆ ನನ್ನ ಮಗಳೂ ಹೆಸರು ಕೊಡುತ್ತಿದ್ದಾಳೆ. ಅವಳಿಗೂ ಜೊತೆಗೊಬ್ಬರು ಬೇಕಂತೆ, ಒಬ್ಬಳೇ ಆದರೆ ಅಸೈನ್‌ಮೆಂಟ್ ಮುಂದಕ್ಕೆ ಹಾಕುತ್ತಾಳೆ. ನಂಬರನ್ನು ಪತ್ರಿಕೆಯವರ ಕೈಗೆ ಕೊಟ್ಟಿದ್ದೇನೆ. ರಾತ್ರಿ ಅಂಗಡಿ ಮುಗಿಸಿ ಬಂದ ಮೇಲೆ ಫೋನ್ ಮಾಡಮ್ಮ.

– ಗೃಹಿಣಿ, ಶಿರಸಿ