ಸೆನ್ಸರ್, ಸಂವೇದಕ, ಖಬರ್: ಮಕ್ಕಳ ಹಾಳೆಯಲ್ಲಿ ಯಾವುದನ್ನು ಬರೆಯಲಿ?

ನಮಸ್ಕಾರ. ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ, ನಿಮ್ಮೆಲ್ಲರ ಸಹಾಯ ಬೇಕು.

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಒಂದು ಊರಲ್ಲಿ ಪ್ರತಿ ಭಾನುವಾರ ಏಳು, ಎಂಟನೇ ತರಗತಿಯ ಮಕ್ಕಳಿಗೆ ರೋಬಾಟ್ ಕಿಟ್ ಹೇಳಿಕೊಡುತ್ತೇನೆ. ಪುಟ್ಟ ಗಾಡಿಯನ್ನು ನಡೆಸುವ ಚಿಕ್ಕ ಕಂಪ್ಯೂಟರಿನಂಥ ಒಂದು ಆರ್ಡುಯಿನೊ ಉನೊ ಬೋರ್ಡು, ಎರಡು ಮೋಟರು, ಗಾಲಿ, ವೈರು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡು, ಒಂದಿಷ್ಟು ವೈರು, ಸುತ್ತಲಿನದನ್ನು ಗುರುತಿಸಿ ಬೋರ್ಡಿಗೆ ತಿಳಿಸುವ ಮೂರು ಥರದ ಸೆನ್ಸರ್. ಇಷ್ಟೇ ಸಾಮಾನು. ಕಿಟ್ ಜೊತೆ ಬಂದ ಪುಸ್ತಕ ಇಂಗ್ಲಿಷಿನದು, ಅದಕ್ಕೇ ವಾರಕ್ಕೊಂದು ಹಾಳೆ ಕನ್ನಡದಲ್ಲಿ ನಾನೇ ಬರೆದು ಜೆರಾಕ್ಸ್ ಮಾಡಿಸಿ ಕೊಡುತ್ತೇನೆ. ಮೋಟರು, ಬೋರ್ಡು, ಬ್ಯಾಟರಿ, ವೈರು ಇವಕ್ಕೆ ಯಾರ ತಕರಾರೂ ಇಲ್ಲ. ಹೊಲದಲ್ಲಿ ಪಂಪ್‌ಸೆಟ್ ರಿಪೇರಿ ನೋಡುತ್ತಾ ಬೆಳೆದ ಮಕ್ಕಳು ಅವರು, ಆ ಮಾತೆಲ್ಲ ಮನೆಯದೇ. ತೊಂದರೆ ಬಂದಿದ್ದು ಸೆನ್ಸರ್‌ಗೆ.

ಮೊದಲ ಹಾಳೆಯಲ್ಲಿ 'ಸೆನ್ಸರ್' ಎಂದೇ ಬರೆದೆ. ಒಬ್ಬ ಹುಡುಗ ಮನೆಗೆ ಒಯ್ದು ತೋರಿಸಿದಾಗ ಅವನ ಕಾಕಾ ಅದನ್ನು 'ಸೆನ್ಸಾರ್' ಎಂದು ಓದಿ, ಸಿನಿಮಾದಲ್ಲಿ ಕತ್ತರಿ ಹಾಕುತ್ತಾರಲ್ಲ, ಅದಾ ಇದು ಎಂದು ಕೇಳಿದರಂತೆ. ಅವರ ತಪ್ಪೇನಿಲ್ಲ. ಒಂದು ದೀರ್ಘ ಬಿಟ್ಟರೆ ಎರಡೂ ಪದ ನಮ್ಮ ಲಿಪಿಯಲ್ಲಿ ಒಂದೇ.

ಎರಡನೇ ಹಾಳೆಯಲ್ಲಿ 'ಸಂವೇದಕ' ಎಂದು ಹಾಕಿದೆ. ಪಠ್ಯಪುಸ್ತಕದ ಕನ್ನಡಕ್ಕೆ ಒಪ್ಪುವ ಪದ, ಕಟ್ಟಿರುವ ರೀತಿಯೂ ಸರಿಯೇ: ಇಂಗ್ಲಿಷಿನ ಸೆನ್ಸರ್ ಕೂಡ 'ಅನುಭವಿಸು' ಎನ್ನುವ ಅರ್ಥದ ಲ್ಯಾಟಿನ್ ಮೂಲದಿಂದಲೇ ಬಂದದ್ದು. ಆದರೆ ಒಬ್ಬ ಹುಡುಗಿ ಅದನ್ನು ಬಿಡಿಸಿ ಓದಿ, "ಅದಕ್ಕ ವೇದನೆ ಆಗ್ತದೇನ್ರಿ ಸರ?" ಎಂದು ಕೇಳಿದಳು. ಕನ್ನಡದಲ್ಲಿ ವೇದನೆ ಅಂದರೆ ನೋವು, ಅಲ್ವಾ? ಸಂವೇದನೆ ಎಂಬುದು ಕವಿತೆಯ ವಿಮರ್ಶೆಯಲ್ಲಿ ಓಡಾಡುವ ಪದ. ಏಳನೇ ತರಗತಿಯ ಮಗುವಿಗೆ ಅದರಿಂದ ಏನೂ ಕಾಣುವುದಿಲ್ಲ.

ಅಷ್ಟರಲ್ಲಿ ಮಕ್ಕಳೇ ಒಂದು ಹೆಸರು ಇಟ್ಟುಕೊಂಡಿದ್ದರು, 'ಕಣ್ಣು'. ದೂರ ಅಳೆಯುವ ಸೆನ್ಸರ್ ನೋಡಿದ್ದರೆ ನಿಮಗೂ ಹಾಗೇ ಅನಿಸುತ್ತದೆ. ಗಾಡಿಯ ಮುಂದೆ ಎರಡು ದುಂಡನೆಯ ಬೆಳ್ಳಿ ಬಣ್ಣದ ಡಬ್ಬಿಗಳು, ಥೇಟ್ ಗೂಬೆ ಕಣ್ಣು. ನಾನೂ ಮೊದಲು ಒಪ್ಪಿದೆ, ಆಮೇಲೆ ಅದು ತಪ್ಪು ಕಲಿಸುತ್ತಿದೆ ಎಂದು ಗೊತ್ತಾಯಿತು. ಕತ್ತಲಲ್ಲಿ ಇದಕ್ಕೆ ಕಾಣಲ್ಲ ಎಂದುಕೊಂಡು ಮಕ್ಕಳು ಕಿಟಕಿ ಬಾಗಿಲು ಮುಚ್ಚಿ ಗಾಡಿ ಬಿಟ್ಟರು, ಅದು ಗೋಡೆಯ ಹತ್ತಿರ ಹೋಗಿ ಸರಿಯಾಗಿಯೇ ನಿಂತಿತು. ಅದು ನೋಡುವುದೇ ಇಲ್ಲ. ಒಂದು ಡಬ್ಬಿ ಬಾಯಿ, ಇನ್ನೊಂದು ಕಿವಿ. ಬಾಯಿ ಸೆಕೆಂಡಿಗೆ 40,000 ಸಲ ಕಂಪಿಸುವ ಸದ್ದನ್ನು ಬಿಡುತ್ತದೆ, ನಮ್ಮ ಕಿವಿಗೆ 20,000ದ ಮೇಲೆ ಕೇಳುವುದಿಲ್ಲ. ಆ ಸದ್ದು ಗೋಡೆಗೆ ಬಡಿದು ಮರಳಿ ಕಿವಿಗೆ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ದೂರ ಲೆಕ್ಕ ಹಾಕುತ್ತೇವೆ, ತೊಗಲುಬಾವಲಿ ಮಾಡುವುದೂ ಇದನ್ನೇ. ಇನ್ನು ಗಾಡಿಯ ಹೊಟ್ಟೆ ಕೆಳಗಿರುವ ಸೆನ್ಸರ್ ಬೆಳಕು ಬಿಟ್ಟು ಕರಿ ಟೇಪನ್ನು ಗುರುತಿಸುತ್ತದೆ, ಅದನ್ನು ಕಣ್ಣು ಅನ್ನಬಹುದು. ಮಣ್ಣಿನ ಹಸಿ ನೋಡುವ ಎರಡು ಕಡ್ಡಿಯ ಸೆನ್ಸರ್‌ಗೆ ಏನನ್ನೋಣ? ಅದು ಬೆರಳೋ, ನಾಲಿಗೆಯೋ. ಮೂರಕ್ಕೂ ಒಂದೇ ಪದ ಬೇಕು, ಕಣ್ಣು ಸಾಲದು.

ಈಗ ನನ್ನ ನಿಜವಾದ ಪ್ರಶ್ನೆಗೆ ಬರುತ್ತೇನೆ. ಹೋದ ವಾರ ಒಬ್ಬಳು ಗಾಡಿ ಬರುವ ದಾರಿಗೆ ಅಡ್ಡ ಕೌದಿ ಹಿಡಿದಳು. ಬಟ್ಟೆ ಸದ್ದನ್ನು ನುಂಗುತ್ತದೆ, ಮರಳಿ ಬರುವುದು ತೀರಾ ಕಡಿಮೆ. ಗಾಡಿ ನಿಲ್ಲದೆ ಸೀದಾ ಹೋಗಿ ಕೌದಿಗೆ ಗುದ್ದಿತು. ಹಿಂದಿನಿಂದ ಒಬ್ಬ ಕೂಗಿದ: "ಖಬರೇ ಇಲ್ರಿ ಅದಕ್ಕ!"

ನನಗೆ ಅಲ್ಲೇ ಹೊಳೆಯಿತು, ಪದ ಇಲ್ಲೇ ಇದೆಯಲ್ಲ. ನಮ್ಮ ಕಡೆ ಖಬರ್ ಅಂದರೆ ಸುದ್ದಿ ಅಷ್ಟೇ ಅಲ್ಲ, ಎಚ್ಚರ, ಅರಿವು ಕೂಡ. 'ಖಬರ್ ಇಲ್ದಂಗ ಮಲಗ್ಯಾನ' ಅಂದರೆ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಾನೆ ಎಂದು. ಬುದ್ಧಿ ಇಲ್ಲದೆ ನಡೆದುಕೊಳ್ಳುವವನು ಖಬರಗೇಡಿ. ಪದ ಅರಬ್ಬಿಯದು, ಉರ್ದುವಿನ ಮೂಲಕ ನಮ್ಮ ಮನೆಯೊಳಗೆ ಬಂದದ್ದು. ಉರ್ದುವಿನ ಬೇಖಬರ್‌ನಲ್ಲೂ ಅರಿವು ಇಲ್ಲ ಎನ್ನುವ ಅರ್ಥವೇ ಇದೆ. ಸೆನ್ಸರ್ ಮಾಡುವ ಕೆಲಸವೂ ಎರಡು ಸೇರಿದ್ದು ತಾನೇ: ಹೊರಗಿನದು ಗೊತ್ತಾಗಬೇಕು, ಗೊತ್ತಾದ ಸುದ್ದಿಯನ್ನು ಬೋರ್ಡಿಗೆ ಮುಟ್ಟಿಸಬೇಕು. ಎರಡೂ ಅರ್ಥ ಒಂದೇ ಪದದಲ್ಲಿ ಇರುವುದು ನನಗೆ ತುಂಬಾ ಇಷ್ಟವಾಯಿತು.

ಅವತ್ತಿನಿಂದ ಮಕ್ಕಳು ಇದನ್ನೇ ಬಳಸುತ್ತಿದ್ದಾರೆ. ಮಣ್ಣಿಗೆ ಕಡ್ಡಿ ಚುಚ್ಚಿದರೆ ಬೋರ್ಡು 0ಯಿಂದ 1023ರ ಒಳಗೆ ಒಂದು ಸಂಖ್ಯೆ ಕೊಡುತ್ತದೆ, ನಮ್ಮ ಕಿಟ್ಟಿನಲ್ಲಿ ಒಣ ಮಣ್ಣಿಗೆ ಜಾಸ್ತಿ, ನೀರು ಹಾಕಿದರೆ ಇಳಿಯುತ್ತದೆ. "ಖಬರ್ ಎಷ್ಟು ಬಂತು?" ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಗಮನಿಸಿ, ಇಲ್ಲಿ ಖಬರ್ ಅಂದರೆ ಸೆನ್ಸರ್ ಅಲ್ಲ, ಸೆನ್ಸರ್ ಕೊಟ್ಟ ಅಳತೆ. ಹಾಗಾಗಿ ಅಳತೆಗೆ ಪದ ಸಿಕ್ಕಿತು, ಸಾಧನಕ್ಕೆ ಇನ್ನೂ ಸಿಕ್ಕಿಲ್ಲ.

ಸಾಧನಕ್ಕೆ 'ಖಬರ್ದಾರ' ಎನ್ನೋಣ ಎಂದರೆ ಅದು ಬೆದರಿಕೆಯ ಮಾತಾಗಿ ಹೋಗಿದೆ, ಮೂಲದಲ್ಲಿ ಖಬರ್ ಇಟ್ಟುಕೊಂಡವನು ಎಂದೇ ಅರ್ಥವಿದ್ದರೂ. 'ಖಬರಿ' ಎಂದರೆ ಪೊಲೀಸರಿಗೆ ಸುಳಿವು ಕೊಡುವವನು. 'ಗ್ರಾಹಕ' ಅಂಗಡಿಗೆ ಬರುವ ಗಿರಾಕಿ ಆಗಿಬಿಟ್ಟಿದೆ. 'ಅರಿವುಕ' ಕೇಳಲು ಚೆನ್ನಾಗಿದೆ, ಆದರೆ ನಮ್ಮ ಮಕ್ಕಳ ಬಾಯಲ್ಲಿ 'ಅರಿವು' ಎನ್ನುವ ಪದವೇ ಅಷ್ಟು ಓಡಾಡುವುದಿಲ್ಲ. ನನಗೆ ಸದ್ಯಕ್ಕೆ ಹತ್ತಿರ ಅನಿಸಿರುವುದು 'ಖಬರ್‌ಕಡ್ಡಿ', 'ಖಬರ್‌ಡಬ್ಬಿ' ಥರದ ಜೋಡಿ ಪದಗಳು, ಆಕಾರ ನೋಡಿ ಹೆಸರು. ಇದನ್ನು ಪಠ್ಯಪುಸ್ತಕಕ್ಕೆ ಸೇರಿಸಿ ಎಂದು ನಾನು ಕೇಳುತ್ತಿಲ್ಲ. ಹಾಳೆಯ ಕೊನೆಗೆ ಸಂವೇದಕ ಎಂದೂ ಬರೆಯುತ್ತೇನೆ, ಮುಂದೆ ಪರೀಕ್ಷೆಯಲ್ಲಿ ಅದೇ ಬರಬಹುದು.

ಬೀದರ್, ಯಾದಗಿರಿ, ರಾಯಚೂರು ಕಡೆಯವರು ದಯವಿಟ್ಟು ಹೇಳಿ, ನಿಮ್ಮಲ್ಲಿ ಖಬರ್ ಎಚ್ಚರದ ಅರ್ಥದಲ್ಲಿ ಇದೆಯಾ, ಸುದ್ದಿ ಅಷ್ಟೇನಾ? ಧಾರವಾಡ, ಬೆಳಗಾವಿ ಕಡೆ ಹೇಗೆ? ಮೈಸೂರು ಕಡೆಯವರಿಗೆ ಈ ಪದ ಪೂರ್ತಿ ಹೊಸದಾದರೆ ಅದನ್ನೂ ತಿಳಿಸಿ, ಯಾಕೆಂದರೆ ಹಾಳೆಯನ್ನು ಬೇರೆ ಜಿಲ್ಲೆಯ ಗೆಳೆಯರೂ ಕೇಳುತ್ತಿದ್ದಾರೆ. ಸಾಧನಕ್ಕೆ ನಿಮ್ಮೂರಲ್ಲಿ ಮಕ್ಕಳು, ಮೆಕ್ಯಾನಿಕ್‌ಗಳು ಏನಾದರೂ ಬೇರೆ ಹೆಸರು ಹೇಳುತ್ತಿದ್ದರೆ ಅದಂತೂ ಬೇಕೇ ಬೇಕು. ಶನಿವಾರ ಸಂಜೆ ಮುಂದಿನ ಹಾಳೆ ಜೆರಾಕ್ಸಿಗೆ ಹೋಗುತ್ತದೆ.