ಹೊಸ ಸ್ಪೀಕರಿಗೆ ಹಳೆಯ ಆಂಪ್ಲಿಫೈಯರ್ ಸಾಲುವುದೇ? ಶಿರಸಿ ಸೀಮೆಯಿಂದ ಒಂದು ಪ್ರಶ್ನೆ

ಪ್ರಶ್ನೆ (ಶಿರಸಿ ಹತ್ತಿರದ ಹಳ್ಳಿಯ ಸದಸ್ಯರಿಂದ):

ನಮಸ್ಕಾರ. ನಮ್ಮದು ಹಂಚಿನ ಮಾಡಿನ ಹಳೆಯ ಮನೆ. ಜಗಲಿಗೆ ತಾಗಿದ, 18 ಅಡಿ ಉದ್ದ ಮತ್ತು 12 ಅಡಿ ಅಗಲದ, ಮರದ ಮುಚ್ಚಿಗೆಯಿರುವ ಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಂದು ಸ್ಟೀರಿಯೋ ಆಂಪ್ಲಿಫೈಯರ್, ಒಂದು ಸಿಡಿ ಪ್ಲೇಯರ್ ಮತ್ತು ನಾಗಂದಿಗೆಯ ಮೇಲಿಟ್ಟ ಎರಡು ಚಿಕ್ಕ ಸ್ಪೀಕರುಗಳು ಇವೆ. ಆಂಪ್ಲಿಫೈಯರಿನ ಹಿಂಭಾಗದಲ್ಲಿ ಪ್ರತಿ ಚಾನೆಲಿಗೆ 40 ವ್ಯಾಟ್, 8 ಓಮ್ ಎಂದು ಬರೆದಿದೆ. ನಾನು ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ ಗಾಯನ ಮತ್ತು ಬಡಗುತಿಟ್ಟಿನ ಯಕ್ಷಗಾನ.

ಕಳೆದ ದೀಪಾವಳಿಗೆ ಅಂಗಡಿಯೊಂದರವರ ಸಲಹೆಯಂತೆ ನೆಲದ ಮೇಲೆ ನಿಲ್ಲಿಸುವ ದೊಡ್ಡ ಸ್ಪೀಕರ್ ಜೋಡಿಯನ್ನು ತಂದೆ. ಅದು 4 ಓಮ್, 88 ಡೆಸಿಬೆಲ್ ಎಂದು ಕೈಪಿಡಿಯಲ್ಲಿದೆ. ಹಳೆಯ ಜೋಡಿಯ ಮೇಲೆ ಮೋಹ ಬಿಡದ್ದರಿಂದ ಅದನ್ನು ಆಂಪ್ಲಿಫೈಯರಿನ ಹಿಂದೆ ಎರಡನೇ ಜೋಡಿಗೆಂದು ಇರುವ ‘ಬಿ’ ಟರ್ಮಿನಲಿನಲ್ಲಿಟ್ಟು ಎರಡನ್ನೂ ಒಟ್ಟಿಗೆ ನುಡಿಸುತ್ತೇನೆ. ಸಣ್ಣ ದನಿಯಲ್ಲಿ ತಂಬೂರಿ ಬಹಳ ಚೆನ್ನಾಗಿ ಕೇಳುತ್ತದೆ. ಆದರೆ ರಾತ್ರಿ ಚಂಡೆ ಏರಿದಾಗ ಸದ್ದು ಒಡೆದು ಕರ್ಕಶವಾಗುತ್ತದೆ. ಕೆಲವೊಮ್ಮೆ ಆಂಪ್ಲಿಫೈಯರ್ ಕಾದು ‘ಟಕ್’ ಎಂದು ಕಟ್ ಆಗುತ್ತದೆ. ವಾಲ್ಯೂಮ್ ಗುಂಡಿ ಅರ್ಧವನ್ನೂ ದಾಟಿರುವುದಿಲ್ಲ. ಈಗ ಅದೇ ಅಂಗಡಿಯವರು 200 ವ್ಯಾಟಿನ ಆಂಪ್ಲಿಫೈಯರ್ ಕೊಳ್ಳಲೇಬೇಕು ಎನ್ನುತ್ತಾರೆ. ನನ್ನ ಬಳಿ ಇನ್ನು 80,000 ರೂಪಾಯಿ ಇದೆ. ಸ್ಪೀಕರಿನಲ್ಲಿ ತಪ್ಪಿದೆನೇ, ಆಂಪ್ಲಿಫೈಯರಿನಲ್ಲಿ ತಪ್ಪಿದೆನೇ, ದಯವಿಟ್ಟು ತಿಳಿಸಿ.

ಉತ್ತರ (ಕುಮಟಾದಲ್ಲಿ ಆಡಿಯೋ ರಿಪೇರಿ ಮಾಡುವ ಸದಸ್ಯರಿಂದ):

ಮಾನ್ಯರೇ, ನಮಸ್ಕಾರ. ತಾವು ಇಷ್ಟು ವಿವರ ಕೊಟ್ಟಿದ್ದರಿಂದಲೇ ಉತ್ತರಿಸುವುದು ಸಾಧ್ಯವಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಸ್ಥಿತಿ ತಮ್ಮ ಮನೆಯಲ್ಲಿದೆ. ಎರಡೂ ಒಳ್ಳೆಯವೇ, ಆದರೆ ನೊಗ ಸರಿಯಾಗಿ ಕಟ್ಟಿಲ್ಲ. ಹಣ ಖರ್ಚು ಮಾಡುವ ಮೊದಲು ಖರ್ಚಿಲ್ಲದ ಕೆಲಸ ಒಂದಿದೆ: ಇಂದೇ ಹಳೆಯ ಜೋಡಿಯನ್ನು ‘ಬಿ’ ಟರ್ಮಿನಲಿನಿಂದ ಬಿಚ್ಚಿರಿ.

ಕಾರಣ ಹೀಗಿದೆ. ಹೆಚ್ಚಿನ ಆಂಪ್ಲಿಫೈಯರುಗಳಲ್ಲಿ ‘ಎ’ ಮತ್ತು ‘ಬಿ’ ಎರಡನ್ನೂ ಒತ್ತಿದಾಗ ಎರಡು ಜೋಡಿಗಳು ಪ್ಯಾರಲಲ್ ಆಗಿ, ಅಂದರೆ ಅಕ್ಕಪಕ್ಕದಲ್ಲಿ ಬೇರೆಬೇರೆಯಾಗಿ ಕರೆಂಟ್ ಎಳೆಯುವಂತೆ, ಸೇರುತ್ತವೆ. 4 ಓಮ್ ಮತ್ತು 8 ಓಮ್ ಪ್ಯಾರಲಲ್ ಸೇರಿದರೆ ಸಿಗುವುದು 2.67 ಓಮ್. ಅಷ್ಟೇ ಅಲ್ಲ, 4 ಓಮ್ ಎಂಬುದು ಹೆಸರಿಗೆ ಹೇಳುವ ಅಂಕಿ. ಹಾಡು ನುಡಿಯುವಾಗ ಸ್ಪೀಕರಿನ ಇಂಪೀಡೆನ್ಸ್, ಅಂದರೆ ಅದು ಕರೆಂಟಿಗೆ ಒಡ್ಡುವ ತಡೆ, ಪ್ರತಿ ಕಂಪನಾಂಕಕ್ಕೂ ಬದಲಾಗುತ್ತದೆ. ಅಂತರರಾಷ್ಟ್ರೀಯ ಮಾನಕದ ಪ್ರಕಾರವೇ ಅದು ಹೇಳಿದ ಅಂಕಿಯ ಶೇಕಡಾ 80ರವರೆಗೆ, ಅಂದರೆ 3.2 ಓಮ್‌ವರೆಗೆ ಇಳಿಯಬಹುದು, ಅದಕ್ಕಿಂತಲೂ ಕೆಳಗಿಳಿಯುವ ಸ್ಪೀಕರುಗಳೂ ಮಾರುಕಟ್ಟೆಯಲ್ಲಿವೆ. ತಮ್ಮ ಆಂಪ್ಲಿಫೈಯರ್ 8 ಓಮಿಗೆ 40 ವ್ಯಾಟ್ ಕೊಡುವಾಗ ಅದರ ಔಟ್‌ಪುಟ್ ಸುಮಾರು 18 ವೋಲ್ಟ್ ಇರುತ್ತದೆ, ಹರಿಯುವ ಕರೆಂಟ್ ಎರಡೂಕಾಲು ಆಂಪಿಯರ್. ಅದೇ ವೋಲ್ಟೇಜಿಗೆ 4 ಓಮ್ ಸ್ಪೀಕರ್ ನಾಲ್ಕೂವರೆ ಆಂಪಿಯರ್ ಕೇಳುತ್ತದೆ, ಎರಡು ಜೋಡಿ ಸೇರಿದರೆ ಆರೂಮುಕ್ಕಾಲು ಆಂಪಿಯರ್. ಇಪ್ಪತ್ತೆರಡು ವರ್ಷದ ಆಂಪ್ಲಿಫೈಯರ್ ಅದನ್ನು ಕೊಡಲಾರದೆ ಕಾಯುತ್ತದೆ, ಕೊನೆಗೆ ತನ್ನನ್ನು ಉಳಿಸಿಕೊಳ್ಳಲು ಸ್ಪೀಕರಿನ ಸಂಪರ್ಕ ಕಡಿಯುವ ಪ್ರೊಟೆಕ್ಷನ್ ರಿಲೇಯನ್ನು ಬಿಡುತ್ತದೆ. ತಾವು ಕೇಳಿದ ‘ಟಕ್’ ಶಬ್ದ ಅದೇ. ಆ ರಿಲೇಗೆ ನಾವು ಕೃತಜ್ಞರಾಗಿರಬೇಕು, ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಸುಟ್ಟುಹೋಗುತ್ತಿದ್ದವು.

ಗುಂಡಿ ಅರ್ಧವನ್ನೂ ದಾಟಿಲ್ಲ ಎಂಬ ಮಾತನ್ನು ನನ್ನ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಹೇಳುತ್ತಾರೆ. ಗುಂಡಿ ವ್ಯಾಟನ್ನು ತೋರಿಸುವುದಿಲ್ಲ. ಸಿಡಿ ಪ್ಲೇಯರಿನಿಂದ ಸಾಮಾನ್ಯವಾಗಿ 2 ವೋಲ್ಟ್ ಸಿಗ್ನಲ್ ಬರುತ್ತದೆ. ಅಷ್ಟು ಬಲವಾದ ಸಿಗ್ನಲ್ ಇದ್ದಾಗ ಗುಂಡಿ ಗಡಿಯಾರದ ಹನ್ನೆರಡರ ಹತ್ತಿರ ಬರುವಷ್ಟರಲ್ಲಿ ಅನೇಕ ಆಂಪ್ಲಿಫೈಯರುಗಳು ತಮ್ಮ ಪೂರ್ಣ ಶಕ್ತಿಯನ್ನು ಮುಟ್ಟಿರುತ್ತವೆ. ಉಳಿದರ್ಧ ತಿರುವು ಮೊಬೈಲಿನಂಥ ದುರ್ಬಲ ಮೂಲಗಳಿಗಾಗಿ ಇರುವುದು.

ಇನ್ನೆರಡು ವಿಷಯಗಳನ್ನು ನೋಡಿ ತಿಳಿಸಿ. ಒಂದು, ಬಾಸ್ ಗುಂಡಿ ಮತ್ತು ಸಣ್ಣ ದನಿಯಲ್ಲಿ ಬಾಸ್ ಉಬ್ಬಿಸುವ ಲೌಡ್‌ನೆಸ್ ಬಟನ್ ಯಾವ ಸ್ಥಿತಿಯಲ್ಲಿವೆ. ಇನ್ನೊಂದು, ರಾತ್ರಿ ಕೇಳುವ ಹೊತ್ತಿಗೆ ಪ್ಲಗ್ಗಿನಲ್ಲಿ ಎಷ್ಟು ವೋಲ್ಟೇಜ್ ಇದೆ ಎಂಬುದನ್ನು ಗೊತ್ತಿರುವ ಯಾರಿಂದಲಾದರೂ ಮಲ್ಟಿಮೀಟರಿನಲ್ಲಿ ಅಳತೆ ಮಾಡಿಸಿ. ಚಂಡೆ ಹಗಲಿಗಿಂತ ರಾತ್ರಿ ಹೆಚ್ಚು ಒಡೆಯುತ್ತದೆ ಎಂಬ ಅನುಮಾನ ನನಗೆ ತಮ್ಮ ಬರಹದಿಂದಲೇ ಬಂದಿದೆ.

ಮರುಪ್ರಶ್ನೆ (ಮೊದಲ ಸದಸ್ಯರಿಂದ, ನಾಲ್ಕು ದಿನಗಳ ನಂತರ):

ತಾವು ಹೇಳಿದಂತೆ ಹಳೆಯ ಜೋಡಿಯನ್ನು ಬಿಚ್ಚಿದ ಮೇಲೆ ಒಮ್ಮೆಯೂ ಕಟ್ ಆಗಿಲ್ಲ, ಬಿಸಿಯೂ ಕಡಿಮೆಯಾಗಿದೆ. ಚಿಕ್ಕ ಸ್ಪೀಕರುಗಳಿಗೆ ಬಾಸ್ ಸಾಲುವುದಿಲ್ಲವೆಂದು ವರ್ಷಗಳ ಹಿಂದೆಯೇ ಬಾಸ್ ಗುಂಡಿಯನ್ನು ಪೂರ್ತಿ ತಿರುಗಿಸಿ ಇಟ್ಟಿದ್ದೆ, ಲೌಡ್‌ನೆಸ್ ಕೂಡ ಒತ್ತಿಯೇ ಇತ್ತು. ತೋಟಗಳ ಪಂಪು ಓಡುವ ಸಂಜೆ ಏಳರ ಹೊತ್ತಿಗೆ ಮಲ್ಟಿಮೀಟರ್ 184 ವೋಲ್ಟ್ ತೋರಿಸಿತು, ಮಧ್ಯಾಹ್ನ 226 ಇತ್ತು. ಚಂಡೆ ಜೋರಾದಾಗ ಕರ್ಕಶ ಇನ್ನೂ ಸ್ವಲ್ಪ ಉಳಿದಿದೆ. ಕೂರುವ ಜಾಗ ಸ್ಪೀಕರಿನಿಂದ ಹತ್ತು ಅಡಿ ದೂರದಲ್ಲಿದೆ. ಹಾಗಾದರೆ ಹೊಸ ಆಂಪ್ಲಿಫೈಯರ್ ಬೇಕೇ ಬೇಡವೇ?

ಉತ್ತರ:

ಈ ಅಳತೆಗಳು ಅರ್ಧ ಉತ್ತರವನ್ನು ತಾವೇ ಹೇಳುತ್ತವೆ. ತಮ್ಮ ಕಾಲದ ಆಂಪ್ಲಿಫೈಯರುಗಳಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಬರುವ ವೋಲ್ಟೇಜ್ ಲೈನಿನ ವೋಲ್ಟೇಜಿಗೆ ಅನುಗುಣವಾಗಿ ಏರಿಳಿಯುತ್ತದೆ. 230ರ ಬದಲು 184 ಬಂದರೆ ಅದು ಶೇಕಡಾ 80. ವ್ಯಾಟ್ ಎಂಬುದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಉಳಿಯುವ ಶಕ್ತಿ ಶೇಕಡಾ 64 ಮಾತ್ರ. ಅಂದರೆ 40 ವ್ಯಾಟಿನ ಆಂಪ್ಲಿಫೈಯರ್ ಸಂಜೆ ಸುಮಾರು 26 ವ್ಯಾಟಿನದಾಗುತ್ತದೆ. ಅದರ ಮೇಲೆ ಬಾಸನ್ನು 6 ಡೆಸಿಬೆಲ್ ಏರಿಸಿದರೂ ಆ ಕೆಳಗಿನ ಸ್ವರಗಳಿಗೆ ನಾಲ್ಕು ಪಟ್ಟು ವ್ಯಾಟ್ ಬೇಕಾಗುತ್ತದೆ. ಮದ್ದಲೆಯ ಗುಂ ಎನ್ನುವ ಸದ್ದಿಗೇ ಶಕ್ತಿ ಮುಗಿದಿದ್ದರೆ ಚಂಡೆಯ ಪೆಟ್ಟಿಗೆ ಏನೂ ಉಳಿದಿರುವುದಿಲ್ಲ.

ಈಗ ಸ್ಪೀಕರಿನ ಲೆಕ್ಕ. ಕೈಪಿಡಿಯ 88 ಡೆಸಿಬೆಲ್ ಅಳತೆಯನ್ನು ಸಾಮಾನ್ಯವಾಗಿ 2.83 ವೋಲ್ಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ತೆಗೆಯುತ್ತಾರೆ. 8 ಓಮಿಗೆ 2.83 ವೋಲ್ಟ್ ಎಂದರೆ 1 ವ್ಯಾಟ್, 4 ಓಮಿಗೆ ಅದೇ 2 ವ್ಯಾಟ್. ಹೀಗಾಗಿ ತಮ್ಮ ಸ್ಪೀಕರ್ ನಿಜವಾದ ಒಂದು ವ್ಯಾಟಿಗೆ ಕೊಡುವುದು 85 ಡೆಸಿಬೆಲ್. ಅಂಗಡಿಯಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಆದರೆ ಸ್ಪೀಕರ್ ಮತ್ತು ಆಂಪ್ಲಿಫೈಯರ್ ಹೊಂದಿಸುವವರು ಮೊದಲು ನೋಡಬೇಕಾದದ್ದು ಇದನ್ನೇ. ಹತ್ತು ಅಡಿ ದೂರಕ್ಕೆ 9 ಡೆಸಿಬೆಲಿಗಿಂತ ಸ್ವಲ್ಪ ಹೆಚ್ಚು ಕಳೆಯಿರಿ, ಎರಡು ಸ್ಪೀಕರ್ ಇರುವುದಕ್ಕೆ 3 ಸೇರಿಸಿರಿ, ಗೋಡೆಗಳು ಹಿಂದಿರುಗಿಸುವ ಸದ್ದಿಗೆ ಸುಮಾರು 3 ಸೇರಿಸಿರಿ. ತಾವು ಕೂತಲ್ಲಿ ಒಂದು ವ್ಯಾಟಿಗೆ ಹೆಚ್ಚುಕಡಿಮೆ 82 ಡೆಸಿಬೆಲ್ ಸಿಗುತ್ತದೆ. ಸಾಮಾನ್ಯ ಆಲಿಸುವಿಕೆಗೆ 80 ಸಾಕು, ಅಂದರೆ ತಂಬೂರಿಯೂ ಗಾಯನವೂ ಒಂದು ವ್ಯಾಟಿನೊಳಗೇ ಮುಗಿಯುತ್ತವೆ. ಆದರೆ ಚಂಡೆಯ ಪೆಟ್ಟು ಸರಾಸರಿಗಿಂತ 15ರಿಂದ 20 ಡೆಸಿಬೆಲ್ ಮೇಲಕ್ಕೆ ನೆಗೆಯುತ್ತದೆ. ಪ್ರತಿ 3 ಡೆಸಿಬೆಲಿಗೆ ವ್ಯಾಟ್ ಎರಡು ಪಟ್ಟಾಗಬೇಕು. 80ರ ಮೇಲೆ 18 ನೆಗೆದು 98 ಮುಟ್ಟಬೇಕಾದರೆ 82ರಿಂದ 16 ಏರಬೇಕು, ಅದಕ್ಕೆ 40 ವ್ಯಾಟ್ ಬೇಕು. ತಮ್ಮ ಹಳೆಯ ಆಂಪ್ಲಿಫೈಯರ್ 4 ಓಮಿಗೂ 8 ಓಮಿನಷ್ಟೇ ವ್ಯಾಟ್ ಕೊಡುತ್ತದೆ ಎಂದಿಟ್ಟುಕೊಂಡರೆ ಮಧ್ಯಾಹ್ನ ಅಲ್ಲಿಗೆ ಮುಟ್ಟುತ್ತದೆ, ಸಂಜೆ ಮುಟ್ಟುವುದಿಲ್ಲ.

ಆದ್ದರಿಂದ ಸ್ಪೀಕರನ್ನು ಮಾರಬೇಡಿ. ಬಾಸ್ ಗುಂಡಿಯನ್ನು ನಡುವಿಗೆ ತನ್ನಿ, ಲೌಡ್‌ನೆಸ್ ತೆಗೆಯಿರಿ, 1 ಕೆವಿಎ ಸ್ಟೆಬಿಲೈಸರ್ ಹಾಕಿ. ಸ್ಪೀಕರುಗಳನ್ನು ಹಿಂದಿನ ಗೋಡೆಯಿಂದ ಎರಡು ಅಡಿಯಾದರೂ ಮುಂದೆ ತನ್ನಿ, ಮೂಲೆಯಿಂದ ಇನ್ನೂ ದೂರ ಇಡಿ. 18 ಅಡಿಯ ಉದ್ದ 31 ಹರ್ಟ್ಸ್‌ನಲ್ಲಿಯೂ ಅದರ ಎರಡು ಪಟ್ಟಿನಲ್ಲಿಯೂ, 12 ಅಡಿಯ ಅಗಲ 47 ಹರ್ಟ್ಸ್‌ನಲ್ಲಿಯೂ ತಾವಾಗಿಯೇ ಗುಂಯ್‌ಗುಟ್ಟುತ್ತವೆ. ಮೂಲೆಯಲ್ಲಿಟ್ಟ, ಬಾಸ್ ನುಡಿಸುವ ದೊಡ್ಡ ವೂಫರ್ ಇವನ್ನೆಲ್ಲ ಎಬ್ಬಿಸುತ್ತದೆ. ಮರದ ಮುಚ್ಚಿಗೆ ತಮ್ಮ ಭಾಗ್ಯ. ನೆಲ ನುಣುಪಾದ ಸಿಮೆಂಟಿನದಾಗಿದ್ದರೆ ಸ್ಪೀಕರಿನ ಮುಂದೆ ದಪ್ಪ ಜಮಖಾನೆ ಹಾಸಿರಿ.

ಇಷ್ಟು ಮಾಡಿ ಒಂದು ತಿಂಗಳು ಕೇಳಿದ ಮೇಲೂ ಚಂಡೆ ಸಾಲದೆನಿಸಿದರೆ ಆಗ ಆಂಪ್ಲಿಫೈಯರ್ ಕೊಳ್ಳಿ. ಬೇಕಾದದ್ದು 200 ವ್ಯಾಟ್ ಅಲ್ಲ. 4 ಓಮಿಗೆ 100 ವ್ಯಾಟನ್ನು ಎರಡೂ ಚಾನೆಲುಗಳು ಒಟ್ಟಿಗೆ ನುಡಿಯುವಾಗ, 20ರಿಂದ 20,000 ಹರ್ಟ್ಸ್‌ವರೆಗೆ, ಇಂತಿಷ್ಟು ಡಿಸ್ಟಾರ್ಷನ್ನಿನೊಳಗೆ ಕೊಡುತ್ತದೆ ಎಂದು ಬರಹದಲ್ಲಿ ಹೇಳುವ ಯಂತ್ರ ಬೇಕು. 8 ಓಮಿನ ಅಂಕಿಯನ್ನು ಮಾತ್ರ ಕೊಟ್ಟು 4 ಓಮಿನ ಬಗ್ಗೆ ಮೌನವಾಗಿರುವ ಆಂಪ್ಲಿಫೈಯರ್ ತಮ್ಮ ಸ್ಪೀಕರಿಗೆ ಬೇಡ. ಪಿಎಂಪಿಓ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ಬರೆದ ಸಾವಿರದ ಅಂಕಿಗಳಿಗೆ ಯಾವ ಅರ್ಥವೂ ಇಲ್ಲ. ಹಣ ಕೊಡುವ ಮೊದಲು ಎರಡು ದಿನ ಮನೆಗೆ ತಂದು, ತಮ್ಮದೇ ಸಂಜೆಯ ಕರೆಂಟಿನಲ್ಲಿ, ತಮ್ಮದೇ ಚಂಡೆಯನ್ನು ನುಡಿಸಿ ನೋಡಲು ಒಪ್ಪುವವರಲ್ಲಿ ಕೊಳ್ಳಿ. ಸಿಡಿ ಪ್ಲೇಯರನ್ನು ಈಗ ಮುಟ್ಟುವ ಅಗತ್ಯವಿಲ್ಲ. ಅದು ಈ ಸಾಲಿನ ಕೊನೆಯಲ್ಲಿ ಬರುತ್ತದೆ.

ಪ್ರಶ್ನೆ (ಕಾರವಾರದ ಸದಸ್ಯರಿಂದ):

ಈ ಚರ್ಚೆ ನೋಡಿ ನನ್ನದೊಂದು ಸಂದೇಹ. ನನ್ನ ಆಂಪ್ಲಿಫೈಯರ್ ಕೇವಲ 20 ವ್ಯಾಟಿನದು, ಸ್ಪೀಕರ್ 100 ವ್ಯಾಟಿನದು. ಚಿಕ್ಕ ಆಂಪ್ಲಿಫೈಯರ್ ದೊಡ್ಡ ಸ್ಪೀಕರನ್ನು ಸುಡಲಾರದು ಎಂಬ ಧೈರ್ಯದಲ್ಲಿದ್ದೇನೆ, ಸರಿಯೇ? ಮನೆ ಕಡಲತೀರದ ಹತ್ತಿರವಿದೆ. ಸ್ಪೀಕರ್ ತಂತಿಯ ತುದಿಗಳು ಹಸಿರಾಗಿವೆ.

ಉತ್ತರ:

ದಯವಿಟ್ಟು ಆ ಧೈರ್ಯ ಬೇಡ. ಕಳೆದ ಮಳೆಗಾಲದಲ್ಲಿ ಇಂಥದೇ ಜೋಡಿಯೊಂದು ನನ್ನ ಮೇಜಿಗೆ ಬಂದಿತ್ತು. ವೂಫರ್ ಹೊಸದರಂತಿತ್ತು, ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರಿಗೆ ಮಲ್ಟಿಮೀಟರ್ ಹಿಡಿದರೆ ಮುಳ್ಳು ಅಲುಗಲಿಲ್ಲ. ನಾಲ್ಕು ತಿರುಪು ಬಿಚ್ಚಿ ಗುಮ್ಮಟವನ್ನು ಎತ್ತಿದಾಗ ಕೂದಲೆಳೆಯಷ್ಟು ಸಣ್ಣ ತಂತಿಯ ವಾಯ್ಸ್ ಕಾಯಿಲ್ ಒಂದೆಡೆ ಕಪ್ಪಾಗಿ ತುಂಡಾಗಿತ್ತು, ಸುಟ್ಟ ವಾರ್ನಿಷಿನ ವಾಸನೆ ಇನ್ನೂ ಹೋಗಿರಲಿಲ್ಲ. ಆಂಪ್ಲಿಫೈಯರ್ ತನ್ನ ಮಿತಿ ದಾಟಿದಾಗ ಅಲೆಯ ತುದಿ ಕತ್ತರಿಸಿ ಚಪ್ಪಟೆಯಾಗುತ್ತದೆ, ಅದಕ್ಕೆ ಕ್ಲಿಪ್ಪಿಂಗ್ ಎನ್ನುತ್ತೇವೆ. ಚಪ್ಪಟೆಯಾದ ಅಲೆಯಲ್ಲಿ ಮೂಲದಲ್ಲಿಲ್ಲದ ಮೇಲಿನ ಕಂಪನಗಳು ಹುಟ್ಟುತ್ತವೆ, ಗುಂಡಿ ಏರಿಸಿದಷ್ಟೂ ಸಣ್ಣ ಸದ್ದುಗಳೂ ಉಬ್ಬುತ್ತವೆ, ಇವೆರಡೂ ಹೋಗಿ ಬೀಳುವುದು ಟ್ವೀಟರಿನ ಮೇಲೆ. ಸ್ಪೀಕರಿನ ಮೇಲೆ ಬರೆದ 100 ವ್ಯಾಟ್ ಇಡೀ ಪೆಟ್ಟಿಗೆಯದು, ಅದರಲ್ಲಿ ಟ್ವೀಟರಿನ ಪಾಲು ಬಹಳ ಚಿಕ್ಕದು. ತಮ್ಮ 20 ವ್ಯಾಟಿನಲ್ಲಿ ಹಿತವಾಗಿ ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಸದ್ದು ಒಡೆಯಲು ತೊಡಗಿದ ಕೂಡಲೇ ಗುಂಡಿ ಇಳಿಸಬೇಕು.

ತಂತಿಯ ಹಸಿರು ಎಂದರೆ ತಾಮ್ರದ ಕಿಲುಬು. ಉಪ್ಪುಗಾಳಿಗೆ ಅದು ಬೇಗ ಹಿಡಿಯುತ್ತದೆ, ಟರ್ಮಿನಲಿನಲ್ಲಿ ಸಂಪರ್ಕ ಕೆಡುತ್ತದೆ. ತುದಿಯನ್ನು ಕತ್ತರಿಸಿ ಹೊಳೆಯುವ ತಾಮ್ರ ಸಿಗುವವರೆಗೆ ಸುಲಿಯಿರಿ. ಒಳಗೂ ಹಸಿರು ಇಳಿದಿದ್ದರೆ ಇಡೀ ತಂತಿಯನ್ನು ಬದಲಿಸಿ, 2.5 ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ತಂತಿ ಹಾಕಿ. ಐದು ಮೀಟರ್ ದೂರಕ್ಕೆ ಹೋಗಿ ಬರುವ ಒಟ್ಟು ರೆಸಿಸ್ಟೆನ್ಸ್ 0.08 ಓಮನ್ನೂ ಮುಟ್ಟುವುದಿಲ್ಲ, ಆದ್ದರಿಂದ ದುಬಾರಿ ಕೇಬಲ್ ಬೇಕಿಲ್ಲ. ಹೊಸ ತುದಿಗಳಿಗೆ ತವರದ ಬೆಸುಗೆಯ ಬದಲು ಬಿಗಿಯಾಗಿ ಒತ್ತಿದ ಲಗ್ (ಲೋಹದ ತುದಿ) ಹಾಕಿಸಿ, ಪ್ರತಿ ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ಒರೆಸಿ ಮತ್ತೆ ಬಿಗಿಯಿರಿ.