ಅಪ್ಪನಿಗೊಂದು ವೈಡಿಎಂ-4: ರೆಸಿನ್ನಾ, ಫಿಲಮೆಂಟಾ?

ಪಾಂಡವಪುರ ಪ್ಯಾಸೆಂಜರ್
ಎಲ್ರಿಗೂ ನಮಸ್ಕಾರ. ನಮ್ಮಪ್ಪ ರೈಲ್ವೇಲಿ ಡ್ರೈವರ್ ಆಗಿದ್ರು. ಮೀಟರ್ ಗೇಜ್ ಇದ್ದಾಗ ಚಾಮರಾಜನಗರ ಲೈನಲ್ಲಿ ವೈಡಿಎಂ-4 ಡೀಸೆಲ್ ಇಂಜಿನ್ ಓಡಿಸ್ತಿದ್ರು. ಬರೋ ಮಾಘದಲ್ಲಿ ಅವರಿಗೆ 70 ತುಂಬುತ್ತೆ, ಭೀಮರಥ ಶಾಂತಿ ಇಟ್ಕೊಂಡಿದೀವಿ. ಅಷ್ಟರೊಳಗೆ ಆ ಇಂಜಿನ್ನಿಂದೊಂದು ಮಾಡೆಲ್ ಮಾಡಿ ಕೈಗಿಡೋಣ ಅಂತ. 1:87 ಅಳತೆ (ಅಸಲಿಯ 87ನೇ ಒಂದು ಪಾಲು), ಎರಡು ಹಳಿ ನಡುವೆ 12 ಎಂಎಂ. ಹಳಿ ನಾಲ್ಕು ಮೀಟರ್ ಆಗ್ಲೇ ತರಿಸ್ಬಿಟ್ಟೆ. ಬಾಡಿ 3ಡಿ ಪ್ರಿಂಟ್ ಮಾಡಿಸ್ಬೇಕು, ಒಂದೋ ಬೆಳಕಿಗೆ ಗಟ್ಟಿಯಾಗೋ ರೆಸಿನ್ ದ್ರವದಲ್ಲಿ, ಇಲ್ಲಾ ಕರಗಿಸಿ ಪದರ ಪದರ ಹಾಕೋ ಫಿಲಮೆಂಟ್ ಅನ್ನೋ ಪ್ಲಾಸ್ಟಿಕ್ ದಾರದಲ್ಲಿ. ರೆಸಿನ್ನಾ, ಫಿಲಮೆಂಟಾ? ಕೆಳಗೆ ಯಾವ ಚಾಸಿ (ಮೋಟಾರು, ಚಕ್ರ ಇರೋ ಅಡಿಭಾಗ) ಹಾಕ್ಲಿ? ಬಜೆಟ್ 15 ಸಾವಿರ, ಟೈಮ್ ನಾಲ್ಕು ತಿಂಗಳು. ಮಾಡಿ ನೋಡಿದೋರು ಹೇಳಿ.

ಕುವೆಂಪುನಗರ ಶೆಡ್
15 ಸಾವಿರ ಅಂದ್ರಲ್ಲ, ನಗು ಬಂತು. ಬೇಜಾರ್ ಮಾಡ್ಕೋಬೇಡಿ, ನಾನೂ ಅಷ್ಟೇ ಇಟ್ಕೊಂಡು ಶುರು ಮಾಡಿದ್ದು. ನಂದು ಎಚ್‌ಓ, ಅಂದ್ರೆ ಅದೇ 1:87 ಅಳತೆಯ ಡಬ್ಲ್ಯುಡಿಎಂ-2, ಬ್ರಾಡ್‌ಗೇಜ್ ಡೀಸೆಲ್ ಇಂಜಿನ್ನು. ದಸರಾಲಿ ಪಟ್ಟದ ಗೊಂಬೆ ಸುತ್ತ ಓಡಿಸ್ಬೇಕು ಅಂತ ನನ್ನ ಆಸೆ. ಅಸಲಿ ಇಂಜಿನ್ 17.12 ಮೀಟರ್, ಅಂದ್ರೆ ನಮ್ದು 197 ಎಂಎಂ ಬರ್ಬೇಕು. ಪ್ರಿಂಟ್ ಹಾಕೋ ಹುಡುಗ ಕೊಟ್ಟಿದ್ದು 193.5. ಕೇಳಿದ್ರೆ "ಕ್ಯೂರ್ ಆಗಿ ಗಟ್ಟಿಯಾಗುವಾಗ ಕುಗ್ಗುತ್ತೆ ಸಾರ್, ಎಲ್ರುದೂ ಕುಗ್ಗುತ್ತೆ" ಅಂದ. ಮೊದಲನೇ ಬಾಡಿ 4,200. ಎರಡನೇದು 3,800, ಅದು ಮಧ್ಯದಲ್ಲಿ ಹಪ್ಪಳದ ಥರ ಎದ್ದಿತ್ತು. ಮೂರನೇದು 4,600, ಸರಿಯಾಗಿ ಕೂತ್ಕೊಳ್ತು. ಆರು ಆಕ್ಸಲ್‌ನ ಅಮೆರಿಕದ ಹಳೇ ಚಾಸಿ 9,500, ಭಾವಮೈದುನ ಬರುವಾಗ ತಂದಿದ್ದು. ಪ್ರೈಮರ್, ಬಣ್ಣ 1,850. ಅಕ್ಷರ, ನಂಬರ್ ಅಂಟಿಸೋ ಡೆಕಾಲ್ 1,200. ಒಟ್ಟು 25,150. ಹೆಂಡತಿಗೆ ಹೇಳಿದ್ದು ಎಂಟು ಸಾವಿರ.

ಇಷ್ಟಕ್ಕೇ ಮುಗೀಲಿಲ್ಲ. ಮುಂದಿನ ಮೂತಿ ಬೇರೆ ಪೀಸು, ಒಳಗೆ ಟೊಳ್ಳು, ಆರೂ ಕಡೆ ಮುಚ್ಚಿದ್ದು. ರೆಸಿನ್ ಹರಿದು ಹೋಗೋಕೆ ತೂತು ಬಿಟ್ಟಿರ್ಲಿಲ್ಲ. ಒಳಗಿದ್ದ ಹಸಿ ರೆಸಿನ್ನು 40 ದಿನ ಸುಮ್ಮನಿದ್ದು, ನವರಾತ್ರಿ ಆರನೇ ದಿನ ಮೂತಿ ಸೀಳ್ಕೊಂಡು ಆಚೆ ಬಂತು. ಅಂಟಂಟು ದ್ರವ, ಬೆಳಗ್ಗೆ ನೋಡಿದ್ರೆ ಚೆಟ್ಟಿಯಾರ್ ಗೊಂಬೆ ಮುಂದಿನ ಅಂಗಡಿ ಮೇಲೆಲ್ಲ ತೊಟ್ಟಿಕ್ಕಿದೆ. ನಮ್ಮತ್ತೆ ಕಾಲದ ಗೊಂಬೆ ಸ್ವಾಮಿ ಅದು. ಆ ಕಲೆ ಇನ್ನೂ ಹೋಗಿಲ್ಲ. ಅದರ ಮೇಲೆ ಆಯುಧಪೂಜೆ ದಿನ ಮಗಳು ಇಂಜಿನ್ನಿಗೆ ಕುಂಕುಮ ಇಟ್ಟಳು, ಮ್ಯಾಟ್ ಬಣ್ಣ ಅದನ್ನ ಹೀರ್ಕೊಂಡ್ಬಿಡ್ತು. ಆದ್ರೂ ರೆಸಿನ್ನೇ ಮಾಡಿಸಿ. ಬಾಗಿಲ ಹಿಡಿಕೆ, ಜಾಲರಿ ಎಲ್ಲಾ 0.05 ಎಂಎಂ ಲೇಯರಲ್ಲಿ (ಪದರದಲ್ಲಿ) ಎಷ್ಟು ಚೆನ್ನಾಗಿ ಬರುತ್ತೆ ಅಂದ್ರೆ, ಫಿಲಮೆಂಟೋರು ನೋಡಿದ್ರೆ ಪ್ರಿಂಟರ್ ಗುಜರಿಗೆ ಹಾಕ್ತಾರೆ.

ಸಕ್ಕರೆಸೀಮೆ ಹೈದ
ಗುಜರಿಗ್ ಯಾಕ್ ಆಕಾನ ಬುಡಿ ಸಾ. ನಾವು ಮಂಡ್ಯದೋರು, ಸುತ್ತಿ ಬಳಸಿ ಯೋಳಾಕ್ ಬರಾಕಿಲ್ಲ. ನನ್ ಬಾಡಿ ತೂಕ 62 ಗ್ರಾಂ. ಫಿಲಮೆಂಟ್ ಕೇಜಿಗೆ 1,100. ಲೆಕ್ಕ ಆಕ್ಕಳಿ, 68 ರೂಪಾಯಿ. ನೀವು 12,600 ಕೊಟ್ಟು ಗೊಂಬೆ ಮೇಲೆ ಅಂಟು ಸುರುಕೊಂಡ್ರಿ.

ನಂಗೂ ಪೆಟ್ಟು ಬಿದ್ದದೆ, ಇಲ್ಲ ಅನ್ನಾಕಿಲ್ಲ. 0.12 ಲೇಯರು, ಆಮ್ಯಾಕೆ ಪುಟ್ಟಿ ಬಳ್ದು ಉಪ್ಪಿನ್ಕಾಗದದಲ್ಲಿ ಉಜ್ಜಿದ್ದು 23 ದಿನ. ಬೆಳ್ಳಿನ ಗುರುತೇ ಸವೆದು ಆಧಾರ್ ಮಿಸೀನು ಎಲ್ಡು ಸಲ ಒಪ್ನಿಲ್ಲ. ಬಣ್ಣ ವಡ್ದು, ಮೈಸೂರಲ್ಲಿ ಸ್ನೇಯ್ತಂಗೆ ತೋರ್ಸಿ, ಬೆಂಗಳೂರ್ ಕಡೀಕೆ ಒಂಟಿದ್ದೆ. ಮದ್ದೂರಲ್ಲಿ ವಡೆ ತಿನ್ನಾಕೆ ಕಾರು ನಿಲ್ಸಿ, ಇಂಜಿನ್ನ ಡ್ಯಾಸ್‌ಬೋರ್ಡ್ ಮ್ಯಾಲೇ ಬುಟ್ಟೋದೆ. ಏಪ್ರಿಲ್ ಬಿಸ್ಲು. ಕಾಪಿ ಕುಡ್ದು ಬಂದ್ರೆ ಬಾಡಿ ಒಳ್ಳೆ ಬಾಳೆಹಣ್ಣಿನಂಗೆ ಬಗ್ಗೋಗದೆ. ನನ್ ಫಿಲಮೆಂಟು ಪಿಎಲ್‌ಎ ಅನ್ನಾ ಪ್ಲಾಸ್ಟಿಕ್ಕು, 60 ಡಿಗ್ರಿಗೆಲ್ಲ ಮೆತ್ತಗಾಯ್ತದೆ, ಗೊತ್ತಿದ್ದೂ ಬುಟ್ಟೆ, ತಪ್ಪು ನಂದೇ. ಆದ್ರೆ ಮನೇಗ್ ಬಂದು ರಾತ್ರಿಗೇ ಇನ್ನೊಂದ್ ಆಕ್ದೆ. ಅರವತ್ತೆಂಟೇ ರೂಪಾಯಿ.

ಕುವೆಂಪುನಗರ ಶೆಡ್
ಪ್ರಿಂಟರ್ ಏನು ಮಾವನ ಮನೆಯಿಂದ ಬಂತಾ? ಅದರ ದುಡ್ಡು ಲೆಕ್ಕಕ್ಕಿಲ್ವಾ?

ಸಕ್ಕರೆಸೀಮೆ ಹೈದ
ಸೆಕೆಂಡ್ ಹ್ಯಾಂಡು, 14 ಸಾವಿರ. ಮೂರು ನಾಜಲ್, ಪ್ರಿಂಟರ್ ಬೆಡ್ ಮ್ಯಾಲಿನ ಸೀಟು ಒಂದು. ಆಳಾದ ಬಾಡಿ ಅನ್ನೊಂದು. ಯೋಳುದ್ನಲ್ಲ, ಮುಚ್ಚಿಟ್ಕಳಾ ಜಾತಿ ಅಲ್ಲ ನಾವು.

ಹಿತ್ತಾಳೆ ಮೇಷ್ಟ್ರು
ನೀವಿಬ್ಬರೂ ಬಟನ್ ಒತ್ತಿ ಮಲಗುವವರು. ಅದಕ್ಕೆ ಮಾಡೆಲಿಂಗ್ ಅಂತ ಹೆಸರು ಬೇರೆ. ನಾನು 0.4 ಎಂಎಂ ಹಿತ್ತಾಳೆ ತಗಡನ್ನು ಗರಗಸದಲ್ಲಿ ಕೊಯ್ದು, ಬೆಸುಗೆ ಹಾಕಿ ಮೂರು ವರ್ಷ ಕೂತು ಮಾಡಿದವನು. ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1676 ಎಂಎಂ. 87ರಿಂದ ಭಾಗಿಸಿದರೆ 19.26. ಶೆಡ್‌ನವರು ಓಡಿಸುತ್ತಿರುವುದು 16.5ರ ಹಳಿ ಮೇಲೆ. ಎರಡೂಮುಕ್ಕಾಲು ಎಂಎಂ ಕಮ್ಮಿ. ದಪ್ಪ ಮನುಷ್ಯ ಕಾಲು ಜೋಡಿಸಿಕೊಂಡು ಒಂಟಿಕಂಬದ ಮೇಲೆ ನಿಂತ ಹಾಗೆ ಕಾಣುತ್ತೆ. ಇನ್ನೊಂದು, ಡಬ್ಲ್ಯುಡಿಎಂ-2ರ ಬೋಗಿಯಲ್ಲಿ (ಡಬ್ಬಿ ಅಲ್ಲ, ಇಂಜಿನ್ ಕೆಳಗಿನ ಚಕ್ರಗಳ ಚೌಕಟ್ಟು) ಮೂರು ಆಕ್ಸಲ್ ಸಮ ದೂರದಲ್ಲಿರುವುದಿಲ್ಲ. ವಿನ್ಯಾಸ ಮಾಡಿದ ಅಮೆರಿಕದ ಆಲ್ಕೋ ಕಂಪನಿಯವರು ಹಾಗೇ ಮಾಡಿದ್ದು. ನಿಮ್ಮ ಫೋಟೋದಲ್ಲಿ ಸಮನಾಗಿದೆ. ಗೊಂಬೆಗಳಿಗೆ ಗೊತ್ತಾಗಲ್ಲ, ನಮಗೆ ಗೊತ್ತಾಗುತ್ತೆ.

ಚಕ್ರದ ವಿಷಯಕ್ಕೆ ಬರುತ್ತೇನೆ. ಅಸಲಿ ಚಕ್ರ 1092 ಎಂಎಂ, ನಮ್ಮ ಅಳತೆಗೆ ಹನ್ನೆರಡೂವರೆ. ಹೆಬ್ಬಾಳದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಬ್ಬರ ಲೇತಲ್ಲಿ ಹನ್ನೆರಡು ಚಕ್ರ ತಿರುಗಿಸಿಕೊಂಡೆ, ಒಂದಕ್ಕೆ 350ರಂತೆ 4,200. ಅವರು ಅಚ್ಚುಕಟ್ಟಾಗಿ ಮಾಡಿಕೊಟ್ಟರು. ಮೋಟಾರಿಗೆ ಕರೆಂಟ್ ಎರಡು ಹಳಿಯಿಂದ ಬರುವುದರಿಂದ ಒಂದು ಕಡೆ ಚಕ್ರಕ್ಕೂ ಆಕ್ಸಲ್ಲಿಗೂ ನಡುವೆ ಇನ್ಸುಲೇಷನ್ ಬೇಕು ಅಂತ ಹೇಳುವುದನ್ನು ನಾನು ಮರೆತಿದ್ದೆ. ಹಳಿ ಮೇಲೆ ಇಟ್ಟ ತಕ್ಷಣ ಚಟ್ ಅಂತ ಶಾರ್ಟ್, ಕಂಟ್ರೋಲರ್ ಹೋಯಿತು. ಆರು ಚಕ್ರ ಬಿಚ್ಚಿ, ಒಳಗೆ ಡೆಲ್ರಿನ್ ಪ್ಲಾಸ್ಟಿಕ್ ಬುಷ್ ಕೂರಿಸಲು ಮತ್ತೆ 2,400.

ಸಕ್ಕರೆಸೀಮೆ ಹೈದ
ಮೇಷ್ಟ್ರೇ, ಒಂದ್ ಮಾತ್ ಕೇಳ್ಲಾ, ಬೇಜಾರ್ ಮಾಡ್ಕಬ್ಯಾಡಿ. ನಿಮ್ ಇಂಜಿನ್ ಓಡ್ತದಾ?

ಹಿತ್ತಾಳೆ ಮೇಷ್ಟ್ರು
ಓಡುತ್ತೆ. 19.26ರ ಹಳಿ ಅಂಗಡಿಯಲ್ಲಿ ಸಿಗಲ್ಲ, ನಾನೇ ಹಾಕಿಕೊಳ್ಳಬೇಕು. ಸದ್ಯಕ್ಕೆ ಒಂದೂವರೆ ಮೀಟರ್ ಆಗಿದೆ.

ಕುವೆಂಪುನಗರ ಶೆಡ್
ಓಹೋ. ಮೂರು ವರ್ಷದ ಇಂಜಿನ್ನು, ಒಂದೂವರೆ ಮೀಟರ್ ದಾರಿ. ನಂಜನಗೂಡಿಗೆ ಯಾವಾಗ ತಲುಪುತ್ತೆ ಮೇಷ್ಟ್ರೇ?

ಟೇಪ್ ಅಕ್ಕ
ಪ್ಯಾಸೆಂಜರ್ ಅವರೇ, ಪ್ರಿಂಟರ್ ಜಗಳ ಆಮೇಲೆ. ನಿಮ್ಮ ಹತ್ರ ಡ್ರಾಯಿಂಗ್ ಇದ್ಯಾ? ಯಾರೂ ಕೇಳಲೇ ಇಲ್ಲ. ನಾನು ಮೈಸೂರು ರೈಲು ಮ್ಯೂಸಿಯಂನ ಆಸ್ಟಿನ್ ರೈಲು ಕಾರನ್ನ ಮಾಡಿದೀನಿ, ಅದೇ ಹಳಿ ಮೇಲೆ ಓಡೋ ಮೋಟಾರು. 1979ರಲ್ಲಿ ಶುರುವಾದ ಮ್ಯೂಸಿಯಂ, ಸ್ಟೇಷನ್ ಪಕ್ಕದಲ್ಲೇ ಇದೆ, ಮೈಸೂರೋರೇ ಅರ್ಧ ಜನ ಒಳಗೆ ಕಾಲಿಟ್ಟಿಲ್ಲ. ಅಮ್ಮನ ಹೊಲಿಗೆ ಟೇಪು, ಒಂದು ನೋಟ್‌ಬುಕ್ಕು ಹಿಡ್ಕೊಂಡು ಹದಿನಾಲ್ಕು ಭಾನುವಾರ ಹೋದೆ. ಆರನೇ ವಾರಕ್ಕೆ ಟಿಕೆಟ್ ಕೊಡೋರೇ "ಇವತ್ತು ಯಾವ ಕಡೆ ಮೇಡಂ?" ಅಂತ ಕೇಳೋಕೆ ಶುರು ಮಾಡಿದ್ರು. ಬಾನೆಟ್ಟಿನ ವಾರೆ ಸರಿಯಾಗ್ಲಿಲ್ಲ ಅಂತ ಕಂಪ್ಯೂಟರಲ್ಲಿ ಒಂಬತ್ತು ಸಲ ಅಳಿಸಿ ಬರೆದೆ. ಒಟ್ಟು ಏಳು ತಿಂಗಳು. ಪ್ರಿಂಟ್ ಆಗಿದ್ದು ಎರಡೂವರೆ ಗಂಟೇಲಿ.

ಇನ್ನು ಹೊಟ್ಟೆ ಉರಿಯೋ ವಿಷಯ. ಆ ಫೈಲನ್ನ ನಂಬಿಕೆ ಮೇಲೆ ಇಬ್ಬರಿಗೆ ಕೊಟ್ಟೆ. ಆರು ತಿಂಗಳಾದ್ಮೇಲೆ ಯಾರೋ ಅದನ್ನ ಪ್ರಿಂಟ್ ಹಾಕಿ ಒಂದಕ್ಕೆ 900ರಂತೆ ಮಾರ್ತಿದಾರೆ. ನಂದೇ ಅಂತ ಹೆಂಗೆ ಗೊತ್ತು ಅಂದ್ರೆ, ನನ್ನ ಡ್ರಾಯಿಂಗಲ್ಲಿ ಎಡಗಡೆ ಹೆಡ್‌ಲೈಟು 0.4 ಎಂಎಂ ಕೆಳಗೆ ಕೂತಿದೆ. ನನ್ನದೇ ತಪ್ಪು, ಸೋಮಾರಿತನಕ್ಕೆ ತಿದ್ದಿರ್ಲಿಲ್ಲ. ಹೋದ ತಿಂಗಳು ಸಕ್ಕರೆಸೀಮೆಯವರು ಹಾಕಿದ ಫೋಟೋದಲ್ಲೂ ಎಡಗಣ್ಣು ಹಂಗೇ ಇಳಿದಿತ್ತು.

ಸಕ್ಕರೆಸೀಮೆ ಹೈದ
ಅಕ್ಕಾ, ಅದು ನಂಗೆ ಬೇರೇರು ಕೊಟ್ಟಿದ್ದು. ನಾನು ಮಾರ್ನಿಲ್ಲ, ತಂಗಿ ಮಗೀಗೆ ಮಾಡ್ಕೊಟ್ಟಿದ್ದು.

ಟೇಪ್ ಅಕ್ಕ
ಯಾರು ಕೊಟ್ರು?

ಸಕ್ಕರೆಸೀಮೆ ಹೈದ
ಯೋಳಾಕಾಗಾಕಿಲ್ಲ. ಮಾತ್ ಕೊಟ್ಟಿವ್ನಿ.

ಟೇಪ್ ಅಕ್ಕ
ಮುಚ್ಚಿಟ್ಕೊಳ್ಳೋ ಜಾತಿ ಅಲ್ಲ ಅಂತಿದ್ರಲ್ಲ ಈಗ ತಾನೇ!

ಕುವೆಂಪುನಗರ ಶೆಡ್
68 ರೂಪಾಯಿ ಹೆಂಗೆ ಬಂತು ಅಂತ ಈಗ ಅರ್ಥ ಆಯ್ತು. ಡ್ರಾಯಿಂಗು ಪುಕ್ಕಟೆ.

ಹಿತ್ತಾಳೆ ಮೇಷ್ಟ್ರು
ಅದಕ್ಕೇ ಹೇಳಿದ್ದು, ತಗಡನ್ನು ಯಾರೂ ಕಾಪಿ ಮಾಡಲು ಆಗಲ್ಲ. ಅಂದಹಾಗೆ ಫಿಲಮೆಂಟಿನ ಗೆರೆಗೆ ಅಸಿಟೋನ್ ಸವರಿದರೆ ನುಣುಪಾಗುತ್ತಲ್ಲ, 23 ದಿನ ಯಾಕೆ ಉಜ್ಜಿದ್ದು?

ಸಕ್ಕರೆಸೀಮೆ ಹೈದ
ಅದು ಎಬಿಎಸ್ ಅನ್ನಾ ಬ್ಯಾರೆ ಪ್ಲಾಸ್ಟಿಕ್‌ಗೆ ಮೇಷ್ಟ್ರೇ! ಪಿಎಲ್‌ಎಗೆ ಅಸಿಟೋನ್ ಸವರುದ್ರೆ ಎಂಡ್ರ ಉಗುರ್ಬಣ್ಣದ ವಾಸ್ನೆ ಬತ್ತದೆ, ಅಷ್ಟೆಯ. ಗೊತ್ತಿಲ್ದೇ ಇದ್ದುದ್ಕೆ ಬಾಯಾಕಬ್ಯಾಡಿ.

ಹಿತ್ತಾಳೆ ಮೇಷ್ಟ್ರು
ಕದ್ದ ಫೈಲಿಟ್ಟುಕೊಂಡವರಿಂದ ರಸಾಯನಶಾಸ್ತ್ರ ಕಲಿಯುವ ಗತಿ ನನಗೆ ಬಂದಿಲ್ಲ.

ಪಾಂಡವಪುರ ಪ್ಯಾಸೆಂಜರ್
ಎಲ್ಲರಿಗೂ ಧನ್ಯವಾದ. ಚಾಸಿ ಬಗ್ಗೆ ಮಾತ್ರ ಯಾರೂ ಹೇಳ್ಲಿಲ್ಲ...

ಟೇಪ್ ಅಕ್ಕ
ಸಾರಿ, ನಿಜ. ಮೀಟರ್ ಗೇಜು 87ರಿಂದ ಭಾಗಿಸಿದ್ರೆ ಹನ್ನೊಂದೂವರೆ ಬರುತ್ತೆ, ಹಾಗಾಗಿ ನಿಮ್ಮ 12ರ ಹಳಿ ಚೆನ್ನಾಗೇ ಹೊಂದುತ್ತೆ. ಆ ಗೇಜಲ್ಲಿ 1:87ರ ಸ್ವಿಸ್ ಮಾಡೆಲ್‌ಗಳಿವೆ, ಬೆಲೆ ಕೇಳಿದ್ರೆ ಶಾಂತಿ ಖರ್ಚೇ ಕಮ್ಮಿ ಅನ್ಸುತ್ತೆ. ನಿಮಗೆ ಬೇಕಾಗಿರೋದು ಮೂರು ಮೂರು ಆಕ್ಸಲ್‌ನ ಎರಡು ಬೋಗಿ. ಟಿಟಿ ಅಂತ 1:120ರ ಅಳತೆ ಇದೆ ನೋಡಿ, ಅದರ ಹಳೀನೂ 12 ಎಂಎಂ. ಅದರಲ್ಲಿ ಆರು ಆಕ್ಸಲ್ ಡೀಸೆಲ್ ಇಂಜಿನ್ನಿನ ಹಳೇ ಚಾಸಿ ಹುಡುಕಿ. ಚಕ್ರ ಸ್ವಲ್ಪ ಚಿಕ್ಕದಾಗುತ್ತೆ, ಬೋಗಿಯ ಪಕ್ಕದ ಫ್ರೇಮು ಪ್ರಿಂಟ್ ಮಾಡಿ ಅಂಟಿಸಿದ್ರೆ ಅರ್ಧ ಮುಚ್ಚಿಹೋಗುತ್ತೆ. ಗೇರ್ ಮಾತ್ರ ಪ್ರಿಂಟ್ ಮಾಡಿಸ್ಬೇಡಿ, ಸವೆದು ಹೋಗುತ್ತೆ. ತೂಕಕ್ಕೆ ಮೀನು ಗಾಳದ ಸೀಸದ ಗುಂಡು ತುಂಬಿ, ಇಲ್ಲಾಂದ್ರೆ ಚಕ್ರ ನಿಂತಲ್ಲೇ ತಿರುಗುತ್ತೆ.

ಕುವೆಂಪುನಗರ ಶೆಡ್
ಸೀಸ ಮುಟ್ಟಿ ಕೈ ತೊಳ್ಕೊಳ್ಳಿ. ನಾನು ತೊಳೀದೇ ಉಪ್ಪಿಟ್ಟು ತಿಂದು ಮನೇಲಿ ಬೈಸ್ಕೊಂಡೆ.

ಸಕ್ಕರೆಸೀಮೆ ಹೈದ
ಅಕ್ಕ ಯೋಳಿದ್ ಸರಿ ಅದೆ. (ಇದ್ನ ಜಗಳಕ್ ಸೇರಿಸ್ಬ್ಯಾಡಿ.)

ಪಾಂಡವಪುರ ಪ್ಯಾಸೆಂಜರ್
ಸರ್‌ಪ್ರೈಸ್ ಹೋಯ್ತು. ರಾತ್ರಿ ನಿಮ್ಮ ಜಗಳ ಓದ್ಕೊಂಡು ನಗ್ತಾ ಕೂತಿದ್ದೆ, ಅಪ್ಪ ಹಿಂದೆ ನಿಂತು ಎಲ್ಲಾ ನೋಡ್ಬಿಟ್ಟಿದಾರೆ. "ಓಡೋದೆಲ್ಲ ಯಾಕೋ, ನಾನು ಓಡ್ಸಿರೋದು ಸಾಲ್ದಾ?" ಅಂದ್ರು. ಆಮೇಲೆ ಪೆನ್ನು ತಗೊಂಡು ಲಗ್ನಪತ್ರಿಕೆ ಹಿಂದೆ ಕ್ಯಾಬಿನ ಕಿಟಕಿ ಬರೆದು ತೋರಿಸಿದ್ರು. ಮೊಣಕೈ ಇಡೋ ಜಾಗದಲ್ಲಿ ಬಣ್ಣ ಸವೆದು ಕಬ್ಬಿಣ ಹೊಳೀಬೇಕಂತೆ. ಹಂಗಾಗಿ ಚಾಸಿ ಬೇಡ, ಹಲಗೆ ಮೇಲೆ ನಿಲ್ಲಿಸ್ತೀನಿ. ರೆಸಿನ್ನಾ ಫಿಲಮೆಂಟಾ ಅನ್ನೋದು ಮಾತ್ರ ಇನ್ನೂ ಗೊತ್ತಾಗಿಲ್ಲ.

ಸಕ್ಕರೆಸೀಮೆ ಹೈದ
ಅಣ್ಣಾ, ಅಂಗಾರೆ ಆ ನಾಕ್ ಮೀಟರ್ ಅಳಿ ಮಾರ್ತೀರಾ?

ಹಿತ್ತಾಳೆ ಮೇಷ್ಟ್ರು
ನಾನು ಮೊದಲು ಕೇಳಬೇಕು ಅಂತಿದ್ದೆ. ನನಗೆ ಎರಡು ಮೀಟರ್ ಸಾಕು.

ಕುವೆಂಪುನಗರ ಶೆಡ್
19.26 ಬಿಟ್ಟು 12ಕ್ಕೆ ಇಳಿದ್ರಾ ಮೇಷ್ಟ್ರು!

ಟೇಪ್ ಅಕ್ಕ
ಯಾರಿಗಾದ್ರೂ ಕೊಡಿ ಪ್ಯಾಸೆಂಜರ್. ಮಂಡ್ಯಕ್ಕೆ ಕಳಿಸೋದಾದ್ರೆ ದುಡ್ಡು ಮೊದಲು ಇಸ್ಕೊಳ್ಳಿ.